ಚಾರ್ಲ್ಸ್ ಪರ್ಕಿನ್ಸ್: ಈಜುಕೊಳದ ಬಾಗಿಲಿಗೆ ಎರಡು ಸಲ

ಭೂಗೋಳದ ಪಾಠದಲ್ಲಿ ಆಸ್ಟ್ರೇಲಿಯ ಬಂತೆಂದರೆ ನಾವು ಕಪ್ಪುಹಲಗೆಯ ಮೇಲೆ ಆರ್ಟೀಸಿಯನ್ ಬಾವಿಯ ಚಿತ್ರ ಬರೆಯುತ್ತೇವೆ. ನೀರು ಇಂಗದ ಎರಡು ಪದರಗಳ ನಡುವೆ ನೀರು ತುಂಬಿದ ಮರಳುಗಲ್ಲಿನ ಪದರ, ಅದರ ಒಂದು ಅಂಚು ದೂರದ ಎತ್ತರದಲ್ಲಿ, ಅಲ್ಲಿ ಬಿದ್ದ ಮಳೆನೀರಿನ ಒತ್ತಡ, ಕೊರೆದ ಜಾಗದಲ್ಲಿ ಪಂಪಿಲ್ಲದೆ ಮೇಲಕ್ಕೆ ಉಕ್ಕುವ ನೀರು. ಆ ದೇಶದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿಯಲ್ಲಿ ಈ ಜಲಾನಯನ ಹರಡಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರಕ್ಕಿರುವ ಮೊರೀ ಎಂಬ ಊರಿನಲ್ಲಿ 1895ರಲ್ಲಿ ಹೀಗೆ ಕೊರೆದಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಬಂತು. ಬೇಸಾಯಕ್ಕೆ ಅದು ಅಷ್ಟಾಗಿ ಒದಗಲಿಲ್ಲ. ಸ್ನಾನಕ್ಕೆ, ಈಜಿಗೆ ಚೆನ್ನಾಗಿ ಒದಗಿತು. ಊರಿಗೆ ಅದರಿಂದಲೇ ಹೆಸರು ಬಂತು. (ತರಗತಿಯಲ್ಲಿ ಊರಿನ ಹೆಸರನ್ನು ಸ್ವಲ್ಪ ಎಳೆದು ಹೇಳಬೇಕು. ‘ಮೋರಿ’ ಎಂದು ಕೇಳಿಸಿದರೆ ಮಕ್ಕಳ ನಗು ನಿಲ್ಲಿಸಲು ಐದು ನಿಮಿಷ ಬೇಕಾಗುತ್ತದೆ.)

ಆ ಊರಿನ ನೀರಿಗೂ ಚಾರ್ಲ್ಸ್ ಪರ್ಕಿನ್ಸ್ ಎಂಬ ಫುಟ್‌ಬಾಲ್ ಆಟಗಾರನಿಗೂ ಇರುವ ನಂಟನ್ನು ನಮ್ಮ ಪಠ್ಯಪುಸ್ತಕ ಹೇಳುವುದಿಲ್ಲ. ಆ ನಂಟಿನಲ್ಲಿ ಶಾಲೆಯೂ ಬರುತ್ತದೆ. ಶಿಕ್ಷಕರಾಗಲು ಹೊರಟವರು ಅವರ ಜೀವನವನ್ನು ಓದಬೇಕು ಎಂದು ನನಗೆ ಅನಿಸಿದ್ದು ಅದಕ್ಕಾಗಿಯೇ.

ಪರ್ಕಿನ್ಸ್ ಹುಟ್ಟಿದ್ದು 1936ರ ಜೂನ್ 16ರಂದು, ಆಸ್ಟ್ರೇಲಿಯದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ಹಳೆಯ ತಂತಿ ಕಚೇರಿಯ ಕಟ್ಟಡಗಳಲ್ಲಿ ಸರ್ಕಾರ ಒಂದು ನಿಲಯ ನಡೆಸುತ್ತಿತ್ತು. ಮೂಲನಿವಾಸಿ ತಾಯಿಗೂ ಬಿಳಿಯ ತಂದೆಗೂ ಹುಟ್ಟಿದ ಮಕ್ಕಳನ್ನು ಅಲ್ಲಿಡುತ್ತಿದ್ದರು. ಅಂಥ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಬೆಳೆಸುವುದು ಆಗಿನ ನೀತಿ. ತಾಯಿ ಹೆಟ್ಟಿ ಅರೆರ್ನ್ಟೆ ಜನಾಂಗದವರು, ತಂದೆಯ ಕಡೆ ಕಲ್ಕದೂನ್ ಮತ್ತು ಐರಿಷ್ ರಕ್ತ. 1945ರಲ್ಲಿ, ಒಂಬತ್ತನೇ ವಯಸ್ಸಿನ ಹೊತ್ತಿಗೆ, ಹುಡುಗನನ್ನು ಓದಿಗೆಂದು ದಕ್ಷಿಣದ ಅಡಿಲೇಡ್ ನಗರಕ್ಕೆ ಕರೆದೊಯ್ದರು. ಪರ್ಸಿ ಸ್ಮಿತ್ ಎಂಬ ಆಂಗ್ಲಿಕನ್ ಪಾದ್ರಿ ಇಂಥ ಹುಡುಗರಿಗಾಗಿ ಅಲ್ಲಿ ಸೇಂಟ್ ಫ್ರಾನ್ಸಿಸ್ ಹೌಸ್ ಎಂಬ ನಿಲಯ ಕಟ್ಟಿದ್ದರು. ತಾಯಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಉಳಿದರು.

ಶಾಲೆಯಲ್ಲಿ ಪರ್ಕಿನ್ಸ್ ಮಿಂಚಲಿಲ್ಲ. ಹದಿಹರೆಯದಲ್ಲೇ ಶಾಲೆ ಬಿಟ್ಟು ಕೊಳವೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಮತ್ತು ಟರ್ನರ್ ಕೆಲಸ ಕಲಿಯಲು ಸೇರಿದರು. ಮುಂದೆ ವಿಶ್ವವಿದ್ಯಾಲಯದ ಪದವಿ ಪಡೆದು, ಒಂದು ಸರ್ಕಾರಿ ಇಲಾಖೆಯನ್ನೇ ನಡೆಸಿದ ವ್ಯಕ್ತಿಯನ್ನು ಶಾಲೆ ಕೈಗೆಲಸಕ್ಕೆ ಮಾತ್ರ ಲಾಯಕ್ಕು ಎಂದು ಕಂಡಿತ್ತು. ಪ್ರಗತಿ ಪತ್ರದಲ್ಲಿ ಷರಾ ಬರೆಯಲು ಕೂತಾಗ ನೆನಪಿಗೆ ಬರಬೇಕಾದ ಸಂಗತಿ ಇದು.

ಅವರನ್ನು ಎತ್ತಿದ್ದು ಆಟ. ನಿಲಯದ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. 1951ರಲ್ಲಿ ಪರ್ಕಿನ್ಸ್ ಸೌತ್ ಆಸ್ಟ್ರೇಲಿಯ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾದರು. ಆಗ ಆ ದೇಶದಲ್ಲಿ ಫುಟ್‌ಬಾಲ್ ಎಂದರೆ ಯುರೋಪಿನಿಂದ ವಲಸೆ ಬಂದವರ ಆಟ. ಹಂಗೇರಿಯವರಿಗೆ ಒಂದು ಕ್ಲಬ್ಬು, ಕ್ರೊಯೇಷಿಯದವರಿಗೆ ಒಂದು, ಗ್ರೀಕರಿಗೆ ಒಂದು. ಹರಕುಮುರುಕು ಇಂಗ್ಲಿಷ್ ಮಾತಾಡುತ್ತ, ಊರವರಿಂದ ಹೀಯಾಳಿಕೆ ಕೇಳುತ್ತಿದ್ದ ಈ ಜನ ಪರ್ಕಿನ್ಸ್ ಅವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದರು. ಹುಟ್ಟಿದ ನಾಡಿನಲ್ಲಿ ಅವರಿಗೆ ಮೊದಲು ಸಮಾನವಾಗಿ ಎಲೆ ಹಾಕಿದವರು ಹೊರನಾಡಿನವರು.

1957ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ಬಿನಿಂದ ಆಯ್ಕೆ ಪರೀಕ್ಷೆಗೆ ಕರೆ ಬಂತು. ಅಲ್ಲಿ ನೆಲೆ ನಿಲ್ಲಲಿಲ್ಲ. ಹೊಟ್ಟೆಪಾಡಿಗೆ ಕಲ್ಲಿದ್ದಲ ಗಣಿಯಲ್ಲೂ ದುಡಿದು, ಬಿಷಪ್ ಆಕ್ಲೆಂಡ್ ಎಂಬ ಹವ್ಯಾಸಿ ತಂಡಕ್ಕೆ ಆಡಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ಎದುರು ಆಡಿದ ಒಂದು ಪಂದ್ಯದ ಸಮಯದಲ್ಲಿ ತಾನೂ ವಿಶ್ವವಿದ್ಯಾಲಯ ಸೇರಬೇಕೆಂದು ಅವರಿಗೆ ಅನಿಸಿತು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಆಟದ ಮೈದಾನದಲ್ಲಿ ಓದಿನ ಆಸೆ ಹುಟ್ಟಿದ್ದು ವಿಚಿತ್ರವೇನಲ್ಲ. ಎದುರು ತಂಡದ ಹುಡುಗರು ತನಗಿಂತ ಹೆಚ್ಚಿನವರೇನಲ್ಲ ಎಂದು ತೊಂಬತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

1959ರಲ್ಲಿ ಆಸ್ಟ್ರೇಲಿಯಕ್ಕೆ ಮರಳಿ ಅಡಿಲೇಡ್‌ನ ಕ್ರೊಯೇಷಿಯ ತಂಡದ ನಾಯಕ ಹಾಗೂ ತರಬೇತುದಾರರಾದರು. 1961ರಲ್ಲಿ ಐಲೀನ್ ಅವರನ್ನು ಮದುವೆಯಾಗಿ ಸಿಡ್ನಿಗೆ ಬಂದು, ಗ್ರೀಕರ ಪ್ಯಾನ್-ಹೆಲೆನಿಕ್ ಕ್ಲಬ್ಬಿಗೆ ಆಡುತ್ತ ಆ ಹಣದಲ್ಲಿ ಪ್ರವೇಶ ಪರೀಕ್ಷೆಗೆ ಓದಿದರು. 1963ರಲ್ಲಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ವಯಸ್ಸು ಇಪ್ಪತ್ತಾರು. ಅಲ್ಲಿದ್ದ ಮೂಲನಿವಾಸಿ ವಿದ್ಯಾರ್ಥಿಗಳು ಅವರನ್ನೂ ಸೇರಿಸಿ ಇಬ್ಬರು. ಓದು, ಪಂದ್ಯ, ಜೊತೆಗೆ ನಗರಸಭೆಯ ಶೌಚಾಲಯ ತೊಳೆಯುವ ಅರೆಕಾಲಿಕ ಕೆಲಸ. ಕೆಲಸಕ್ಕೆ ಹೋಗುತ್ತಲೇ ಓದುವ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಅವರಿಗೆ ಈ ದಿನಚರಿಯನ್ನು ವಿವರಿಸಬೇಕಾಗಿಲ್ಲ.

1964ರ ಮೇ ತಿಂಗಳಲ್ಲಿ ಸಿಡ್ನಿಯ ವಿದ್ಯಾರ್ಥಿಗಳು ಅಮೆರಿಕದ ಕಾನ್ಸುಲೇಟ್ ಕಚೇರಿಯ ಮುಂದೆ, ಆ ದೇಶದ ಕರಿಯರ ಹಕ್ಕುಗಳ ಪರವಾಗಿ ಪ್ರತಿಭಟನೆ ನಡೆಸಿದರು. ಹೊರದೇಶದ ಅನ್ಯಾಯಕ್ಕೆ ಕೂಗುವ ಇವರಿಗೆ ತಮ್ಮ ನಾಡಿನ ಮೂಲನಿವಾಸಿಗಳ ಪಾಡು ಕಾಣುವುದಿಲ್ಲವೇ ಎಂಬ ಟೀಕೆ ಬಂತು. ಟೀಕೆ ಮಾಡಿದವರು ಬಾಯಿ ಮುಚ್ಚಿಸಲು ಕೇಳಿದ್ದಿರಬಹುದು. ವಿದ್ಯಾರ್ಥಿಗಳು ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡರು. ಅದೇ ವರ್ಷ ಮೂಲನಿವಾಸಿಗಳಿಗಾಗಿ ವಿದ್ಯಾರ್ಥಿ ಸಂಘಟನೆಯೊಂದು ಹುಟ್ಟಿತು. ಪರ್ಕಿನ್ಸ್ ಅಧ್ಯಕ್ಷರು, ಮುಂದೆ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದ ಜಿಮ್ ಸ್ಪೀಗೆಲ್‌ಮನ್ ಕಾರ್ಯದರ್ಶಿ. ಅಮೆರಿಕದಲ್ಲಿ 1961ರಲ್ಲಿ ನಡೆದ ಬಸ್ ಯಾತ್ರೆಗಳ ಹೆಸರನ್ನೇ ಎರವಲು ಪಡೆದು ‘ಫ್ರೀಡಂ ರೈಡ್’ ಎಂದು ತಮ್ಮ ಯಾತ್ರೆಯನ್ನು ಕರೆದರು. ಹೊಡೆದರೂ ತಿರುಗಿ ಹೊಡೆಯಬಾರದು ಎಂಬ ನಿಯಮ ಹಾಕಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಅವರಿಂದ ಕಲಿತ ನಿಯಮ ಅದು; ಕಿಂಗ್ ಅದನ್ನು ಕಲಿತದ್ದು ಗಾಂಧೀಜಿಯವರಿಂದ.

1965ರ ಫೆಬ್ರವರಿ 12ರಂದು ಸುಮಾರು ಮೂವತ್ತು ವಿದ್ಯಾರ್ಥಿಗಳು ಬಾಡಿಗೆ ಬಸ್ಸಿನಲ್ಲಿ ಹೊರಟರು. ಅವರ ಕೈಯಲ್ಲಿ ಘೋಷಣಾ ಫಲಕಗಳ ಜೊತೆಗೆ ಸಮೀಕ್ಷೆಯ ಪ್ರಶ್ನಾವಳಿಯೂ ಇತ್ತು. ಮೊದಲು ಮನೆ ಮನೆಗೆ ಹೋಗುವುದು: ಮನೆ ಹೇಗಿದೆ, ನೀರು ಎಲ್ಲಿಂದ, ಆರೋಗ್ಯ ಹೇಗೆ, ಮಕ್ಕಳ ಓದು ಎಲ್ಲಿಯವರೆಗೆ. ಊರಿನ ಬಿಳಿಯರನ್ನೂ ಕೇಳುವುದು. ಆಮೇಲೆ ಪ್ರತಿಭಟನೆ. ವಿಜ್ಞಾನ ಓದಿದವಳಾದ ನನಗೆ ಈ ಕ್ರಮ ತುಂಬ ಹಿಡಿಸಿತು. ನಾವು ಕ್ರಿಯಾಸಂಶೋಧನೆಯ ವರದಿಯನ್ನು ಕೊನೆಯ ವಾರ ಕೂತು ತುಂಬಿಸುವ ರೀತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ವಾಲ್ಗೆಟ್ ಎಂಬ ಊರಿನಲ್ಲಿ ಮಾಜಿ ಸೈನಿಕರ ಕ್ಲಬ್ಬು ಮೂಲನಿವಾಸಿ ಸೈನಿಕರನ್ನು ಸದಸ್ಯರನ್ನಾಗಿ ಸೇರಿಸುತ್ತಿರಲಿಲ್ಲ. ದೇಶಕ್ಕಾಗಿ ಯುದ್ಧಕ್ಕೆ ಹೋಗಿ ಬಂದವರು ಅವರು. ಫೆಬ್ರವರಿ 15ರಂದು ವಿದ್ಯಾರ್ಥಿಗಳು ಆ ಕ್ಲಬ್ಬಿನ ಮುಂದೆ ಬಿಸಿಲಿನಲ್ಲಿ ನಿಂತರು. ಅಂದು ರಾತ್ರಿ ಊರು ಬಿಟ್ಟಾಗ ಲಾರಿಯೊಂದು ಬೆನ್ನಟ್ಟಿ ಬಂದು ಬಸ್ಸನ್ನು ರಸ್ತೆಯಿಂದ ಕೆಳಗಿಳಿಸಿತು. ಬಸ್ಸಿನಲ್ಲಿದ್ದ ಯುವ ವರದಿಗಾರನೊಬ್ಬ ಸುದ್ದಿ ಕಳಿಸಿದ. ಸಿಡ್ನಿಯ ಪತ್ರಿಕೆಗಳು ಎಚ್ಚೆತ್ತವು. ಬಸ್ಸು ಮೊರೀ ತಲುಪುವ ಹೊತ್ತಿಗೆ ದೇಶ ಅದರ ಮೇಲೆ ಕಣ್ಣಿಟ್ಟಿತ್ತು.

ಮೊರೀ ನಗರಸಭೆ 1955ರಲ್ಲಿ ಒಂದು ನಿರ್ಣಯ ಮಾಡಿತ್ತು. ಪೂರ್ಣ ಮೂಲನಿವಾಸಿಗಳು, ಅರೆ ಮೂಲನಿವಾಸಿಗಳು, ಆ ರಕ್ತ ಬೆರೆತಿರುವಂತೆ ತೋರುವವರು ಯಾರೂ ಸಭಾಭವನ, ಬಿಸಿನೀರಿನ ಕೊಳ ಮೊದಲಾದವನ್ನು ಬಳಸುವಂತಿಲ್ಲ ಎಂಬುದು ಅದರ ಸಾರ. ‘ತೋರುವವರು’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಯಾರಿಗೆ ತೋರಬೇಕು? ಟಿಕೇಟು ಕೊಡುವವನಿಗೆ. ರಕ್ತದ ಗುಂಪನ್ನು ನಾವು ಪ್ರಯೋಗಾಲಯದಲ್ಲಿ ಸ್ಲೈಡು, ಸೀರಮ್ ಇಟ್ಟುಕೊಂಡು ನೋಡುತ್ತೇವೆ. ಅದೂ ಜನಾಂಗವನ್ನು ಹೇಳುವುದಿಲ್ಲ. ಮೊರೀಯಲ್ಲಿ ಗೇಟಿನ ಬಳಿ ಕೂತ ಮನುಷ್ಯ ಮಗುವಿನ ಮುಖ ನೋಡಿ ತೀರ್ಮಾನಿಸುತ್ತಿದ್ದ.

ಇನ್ನು ಶಾಲೆಯ ಮಾತು. ಮೂಲನಿವಾಸಿ ಮಕ್ಕಳು ಶಾಲೆಯ ಜೊತೆ, ಶಾಲೆಯ ಸಮಯದಲ್ಲಿ ಬಂದರೆ ಅದೇ ಕೊಳದಲ್ಲಿ ಈಜಬಹುದಿತ್ತು. ಶಾಲೆ ಬಿಟ್ಟ ಮೇಲೆ ಅವರು ಹೊರಗೆ. ಬಿಳಿಯ ಸಹಪಾಠಿಗಳು ಒಳಗೆ. ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಈ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹಾಗಾದರೆ ಗಂಟೆ ಹೊಡೆದ ಮೇಲೆ ಆ ಮೇಷ್ಟ್ರು ಏನು ಮಾಡುತ್ತಿದ್ದರು ಎಂದು ಕೇಳಿದಳು. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಆರು ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಅದೇ ಬೆಂಚಿನಲ್ಲಿ ಕೂತು ಕಲಿತ ಮಕ್ಕಳು ಗಂಟೆಯಾದ ಮೇಲೆ ಎರಡು ಜಾತಿಯಾಗುತ್ತಾರೆ ಎಂಬುದು ಶಿಕ್ಷಕರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಶಾಲೆಯೊಳಗೆ ತಾನು ಭೇದ ಮಾಡುತ್ತಿಲ್ಲ ಎಂಬ ಸಮಾಧಾನ ಅವರಿಗಿದ್ದಿರಬೇಕು. ನನ್ನ ಅನಿಸಿಕೆಯಲ್ಲಿ ಆ ನಿಯಮ ಹತ್ತು ವರ್ಷ ಬಾಳಿದ್ದಕ್ಕೆ ಈ ಸಮಾಧಾನವೂ ಒಂದು ಕಾರಣ.

ವಿದ್ಯಾರ್ಥಿಗಳು ಮೊದಲು ಊರಿನಲ್ಲಿ ಸಮೀಕ್ಷೆ ನಡೆಸಿದರು, ನಗರಸಭೆಯ ಮುಂದೆ ನಿಂತರು. ಆಮೇಲೆ ಪರ್ಕಿನ್ಸ್ ಊರಾಚೆಯ ಮೂಲನಿವಾಸಿಗಳ ಕೇರಿಗೆ ಹೋಗಿ ಕೆಲವು ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರು. ತಂದೆತಾಯಂದಿರಿಗೆ ಇದು ಸುಲಭದ ಒಪ್ಪಿಗೆಯಲ್ಲ. ವಿದ್ಯಾರ್ಥಿಗಳು ನಾಳೆ ಹೋಗುವವರು, ಅವರು ಅದೇ ಊರಿನಲ್ಲಿ ಕೂಲಿ ಮಾಡಿ ಬದುಕಬೇಕಾದವರು. ಆದರೂ ಕಳಿಸಿದರು. ಗೇಟಿನ ಬಳಿ ವಾದವಾಯಿತು, ಕೊನೆಗೆ ಮಕ್ಕಳನ್ನು ಒಳಗೆ ಬಿಟ್ಟರು. ಮಕ್ಕಳು ನೀರಿಗೆ ಹಾರಿದರು. ಪತ್ರಿಕೆಗಳಿಗೆ ಚಿತ್ರ ಸಿಕ್ಕಿತು. ಗೆದ್ದೆವೆಂದುಕೊಂಡು ವಿದ್ಯಾರ್ಥಿಗಳು ಬಸ್ಸು ಹತ್ತಿದರು.

ಪರ್ಕಿನ್ಸ್ ಅವರ ಬಗ್ಗೆ ಬಂದ ಚಿಕ್ಕ ಬರಹಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಮ್ಮ ತರಗತಿಗಳಲ್ಲಿ ಹೇಳುವ ಮಹಾಪುರುಷರ ಕಥೆಗಳೂ ಹೀಗೆಯೇ: ಒಬ್ಬ ಧೀರ ಬಂದ, ಬಾಗಿಲು ತೆರೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದದ್ದು ಬೇರೆ. ಬಸ್ಸು ಹೋದ ಮೇಲೆ ಮಕ್ಕಳು ಮತ್ತೆ ಕೊಳಕ್ಕೆ ಹೋದಾಗ ಒಳಗೆ ಬಿಡಲಿಲ್ಲ. ನಿರ್ಣಯ ಹಾಗೆಯೇ ಇತ್ತು. ಅಂದು ಬಿಟ್ಟದ್ದು ಕ್ಯಾಮೆರಾ ಇದ್ದುದಕ್ಕೆ.

ಸುದ್ದಿ ತಲುಪಿದಾಗ ಬಸ್ಸು ಮುಂದಿನ ಊರಿನಲ್ಲಿತ್ತು. ಮುಂದೆ ಇನ್ನೂ ಹಲವು ಊರುಗಳಿದ್ದವು, ವಿದ್ಯಾರ್ಥಿಗಳು ದಣಿದಿದ್ದರು, ಮೊರೀಯ ಜನ ಈ ಸಲ ಸಿದ್ಧರಾಗಿರುತ್ತಾರೆ ಎಂಬುದೂ ಗೊತ್ತಿತ್ತು. ಬಸ್ಸು ತಿರುಗಿತು. ಪರ್ಕಿನ್ಸ್ ಮತ್ತೆ ಕೇರಿಗೆ ಹೋಗಿ ಮಕ್ಕಳನ್ನು ಕರೆತಂದು ಗೇಟಿನ ಮುಂದೆ ಸಾಲಿನಲ್ಲಿ ನಿಲ್ಲಿಸಿದರು. ಟಿಕೇಟು ಕೇಳುವುದು, ಇಲ್ಲವೆನ್ನಿಸಿಕೊಳ್ಳುವುದು, ಅಲ್ಲೇ ನಿಲ್ಲುವುದು. ಗಂಟೆಗಟ್ಟಲೆ ಹೀಗೇ ನಡೆಯಿತು. ಸುತ್ತ ನೂರಾರು ಜನ ಸೇರಿದರು. ಟೊಮೇಟೊ, ಮೊಟ್ಟೆ ತೂರಿದರು, ಉಗಿದರು, ಕೆಲವು ವಿದ್ಯಾರ್ಥಿಗಳಿಗೆ ಹೊಡೆತವೂ ಬಿತ್ತು. ತಿರುಗಿ ಹೊಡೆಯಬಾರದೆಂಬ ನಿಯಮ ಪರೀಕ್ಷೆಗೆ ಒಳಗಾದದ್ದು ಇಲ್ಲಿ. ಫುಟ್‌ಬಾಲ್ ಆಟಗಾರನಿಗೆ ಮೈದಾನದಲ್ಲಿ ಒದೆ ತಿಂದು ಸುಮ್ಮನಿರುವ ಅಭ್ಯಾಸ ಇರುತ್ತದೆ, ನಿಜ. ಅಲ್ಲಿ ರೆಫ್ರಿ ಇರುತ್ತಾನೆ.

ಕೊನೆಗೆ ಮಕ್ಕಳನ್ನು ಒಳಗೆ ಬಿಟ್ಟರು. 1955ರ ನಿರ್ಣಯವನ್ನು ತೆಗೆಸಲು ಮೇಯರ್ ಒಪ್ಪಿದ ಮೇಲೆ ವಿದ್ಯಾರ್ಥಿಗಳು ಪೊಲೀಸ್ ರಕ್ಷಣೆಯಲ್ಲಿ ಊರು ಬಿಟ್ಟರು. ಮೊದಲ ಸಲ ಅವರು ಕೇಳಿದ್ದು ಪ್ರವೇಶ. ಎರಡನೇ ಸಲ ಕೇಳಿದ್ದು ನಿಯಮದ ರದ್ದು. ಪೌರನೀತಿಯ ಪಾಠದಲ್ಲಿ ರಿಯಾಯಿತಿಗೂ ಹಕ್ಕಿಗೂ ವ್ಯತ್ಯಾಸವೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲ್ಲ ಕಡೆ ಹೀಗೇ ಆಗಲಿಲ್ಲ. ಕೆಂಪ್ಸಿ ಎಂಬ ಊರಿನ ಈಜುಕೊಳದಲ್ಲಿ ಮಕ್ಕಳನ್ನು ಬಿಡಲೇ ಇಲ್ಲ. ಬೌರಾವಿಲ್‌ನ ಚಿತ್ರಮಂದಿರದಲ್ಲಿ ಮೂಲನಿವಾಸಿಗಳಿಗೆ ಬೇರೆ ಆಸನಗಳಿದ್ದವು. ವಿದ್ಯಾರ್ಥಿಗಳು ಬಂದ ದಿನ ಮಾಲೀಕ ಚಿತ್ರಮಂದಿರವನ್ನೇ ಮುಚ್ಚಿದ. ಎರಡು ವಾರದ ಯಾತ್ರೆ ಫೆಬ್ರವರಿ 26ಕ್ಕೆ ಮುಗಿಯಿತು.

ಅದೇ ವರ್ಷದ ಆಗಸ್ಟಿನಲ್ಲಿ ನಡೆದ ಇನ್ನೊಂದು ಪ್ರಸಂಗ ನಮಗೆ ಹತ್ತಿರದ್ದು. ಆಗ ಆಸ್ಟ್ರೇಲಿಯಕ್ಕೆ ಬಿಳಿಯರಲ್ಲದವರು ಬಂದು ನೆಲೆಸುವುದನ್ನು ತಡೆಯುವ ನೀತಿಯಿತ್ತು. ಫಿಜಿ ದ್ವೀಪದ ಭಾರತೀಯ ಕುಟುಂಬವೊಂದರ ಐದು ವರ್ಷದ ಹುಡುಗಿಯನ್ನು ಆ ನೀತಿಯಡಿ ಹೊರಕಳಿಸಲು ಸಿಡ್ನಿ ವಿಮಾನ ನಿಲ್ದಾಣಕ್ಕೆ ತಂದಿದ್ದರು. ಪರ್ಕಿನ್ಸ್ ಅಲ್ಲಿಂದ ಮಗುವನ್ನು ಎತ್ತಿಕೊಂಡು ಹೋಗಿಬಿಟ್ಟರು. ಮನೆಯವರಿಗೆ ತಿಳಿದೇ ಮಾಡಿದ ಪ್ರತಿಭಟನೆ ಅದು. ಮರುದಿನ ಮಗುವನ್ನು ಫಿಜಿಗೆ ಕಳಿಸಿದರು. ಆದರೆ ಇಡೀ ದೇಶ ಆ ನೀತಿಯ ಬಗ್ಗೆ ಮಾತಾಡುವಂತಾಯಿತು. ವಲಸಿಗರ ಮನೆಯಲ್ಲಿ ಉಂಡವರು ವಲಸಿಗರ ಮಗುವಿಗಾಗಿ ಹೀಗೆ ಮಾಡಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

1966ರಲ್ಲಿ ಪರ್ಕಿನ್ಸ್ ಬಿ.ಎ. ಪದವಿ ಪಡೆದರು. ವಿಶ್ವವಿದ್ಯಾಲಯದ ಪದವಿ ಪಡೆದ ಮೊದಲ ಮೂಲನಿವಾಸಿ ಪುರುಷ ಎಂದು ಅವರನ್ನು ಗುರುತಿಸುತ್ತಾರೆ. 1967ರ ಮೇ 27ರಂದು ಸಂವಿಧಾನ ತಿದ್ದುಪಡಿಗೆ ಜನಮತ ಗಣನೆ ನಡೆದು ಶೇ. 90.77 ಮತದಾರರು ಒಪ್ಪಿದರು. ಮೂಲನಿವಾಸಿಗಳಿಗೆ ಮತದಾನದ ಹಕ್ಕು ಬಂದದ್ದು ಆಗಲೇ ಎಂದು ಹಲವು ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ, ತರಗತಿಯಲ್ಲಿ ಹಾಗೆ ಹೇಳಬಾರದು. ರಾಷ್ಟ್ರೀಯ ಚುನಾವಣೆಯಲ್ಲಿ ಮತದ ಹಕ್ಕು 1962ರಲ್ಲೇ ಎಲ್ಲ ಮೂಲನಿವಾಸಿಗಳಿಗೆ ಸಿಕ್ಕಿತ್ತು. 1967ರ ತಿದ್ದುಪಡಿಯಿಂದ ಅವರನ್ನು ದೇಶದ ಜನಸಂಖ್ಯೆಯಲ್ಲಿ ಎಣಿಸಲು ಇದ್ದ ಅಡ್ಡಿ ಹೋಯಿತು, ಅವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೆ ಬಂತು. ಎರಡು ವರ್ಷ ಮೊದಲು ಓಡಿದ ಒಂದು ಬಸ್ಸಿನಿಂದಲೇ ಇದಾಯಿತು ಎನ್ನಲಾಗದು. ಹಳೆಯ ತಲೆಮಾರಿನ ಹೋರಾಟಗಾರರು ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದ್ದರು. ಮೊರೀ, ವಾಲ್ಗೆಟ್‌ನ ಚಿತ್ರಗಳು ಮತದಾರರ ಕಣ್ಣಿನಲ್ಲಿ ಉಳಿದಿದ್ದವು ಎಂದಷ್ಟೇ ಹೇಳಬಹುದು.

ಆಮೇಲಿನ ಮೂವತ್ತು ವರ್ಷವನ್ನು ಬೇಗ ಹೇಳಿ ಮುಗಿಸುತ್ತೇನೆ. 1969ರಲ್ಲಿ ರಾಜಧಾನಿ ಕ್ಯಾನ್‌ಬೆರಾದಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ನೌಕರರಾಗಿದ್ದೂ ಸರ್ಕಾರಗಳನ್ನು ಬಹಿರಂಗವಾಗಿ ಟೀಕಿಸಿ ಶಿಸ್ತು ಕ್ರಮ ಎದುರಿಸಿದರು. 1975ರಲ್ಲಿ ಆತ್ಮಕಥೆ ಪ್ರಕಟಿಸಿದರು. 1984ರಲ್ಲಿ ಮೂಲನಿವಾಸಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿಯಾದರು. ಕೇಂದ್ರ ಸರ್ಕಾರದ ಇಲಾಖೆಯೊಂದರ ಮುಖ್ಯಸ್ಥರಾದ ಮೊದಲ ಮೂಲನಿವಾಸಿ ಅವರು. 1988ರಲ್ಲಿ ಆರೋಪಗಳ ನಡುವೆ ಹುದ್ದೆ ಹೋಯಿತು, ನಂತರ ಆರೋಪಮುಕ್ತರಾದರು. ಫುಟ್‌ಬಾಲ್ ಆಡಳಿತದಲ್ಲೂ ಕೊನೆಯವರೆಗೆ ಕೈಯಿತ್ತು. ಸೌಮ್ಯ ಸ್ವಭಾವದ ಅಧಿಕಾರಿ ಅವರಾಗಿರಲಿಲ್ಲ. ಹುದ್ದೆಗೆ ತಕ್ಕಂತೆ ಮಾತು ತಗ್ಗಿಸಿದ್ದರೆ ಇನ್ನಷ್ಟು ಮಾಡಬಹುದಿತ್ತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಇವೆಲ್ಲವನ್ನೂ ಅವರು ಮಾಡಿದ್ದು ಕಾಯಿಲೆಯ ದೇಹದಲ್ಲಿ. ಮೂತ್ರಪಿಂಡಗಳು ಕೆಟ್ಟು 1972ರಲ್ಲಿ ಕಸಿ ಮಾಡಿಸಿಕೊಂಡಿದ್ದರು. ಕಸಿ ಚಿಕಿತ್ಸೆ ಇನ್ನೂ ಎಳವೆಯಲ್ಲಿದ್ದ ಕಾಲ ಅದು. ದೇಹ ಹೊರಗಿನ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ಜೀವನವಿಡೀ ನುಂಗಬೇಕು. ಹಾಗೆ ಅವರು 28 ವರ್ಷ ಬದುಕಿದರು.

1993ರಲ್ಲಿ, ಚಲನಚಿತ್ರ ನಿರ್ದೇಶಕಿಯಾದ ಮಗಳು ರೇಚಲ್ ಆ ಯಾತ್ರೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಾಗ ತಂದೆ ಹಳೆಯ ದಾರಿಯಲ್ಲಿ ಮತ್ತೊಮ್ಮೆ ಹೋಗಿ ಬಂದರು. 2000ದ ಅಕ್ಟೋಬರ್ 18ರಂದು ಸಿಡ್ನಿಯಲ್ಲಿ ತೀರಿಕೊಂಡರು. ಸರ್ಕಾರಿ ಗೌರವಗಳೊಂದಿಗೆ ಅಂತ್ಯಸಂಸ್ಕಾರದ ವಿಧಿ ನಡೆಯಿತು. 2013ರಲ್ಲಿ ಮೊರೀಯ ಈಜುಕೊಳ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಅದು ಸೇರಿದ್ದು ಬಿಸಿನೀರಿನ ಗುಣಕ್ಕಾಗಿ ಅಲ್ಲ, 1965ರ ಫೆಬ್ರವರಿಯಲ್ಲಿ ಅದರ ಗೇಟಿನ ಮುಂದೆ ನಡೆದದ್ದಕ್ಕಾಗಿ.